ಅಕ್ಕನ ಉಗುರಿನ ಗೆರೆ

ಗೆಳೆಯರೇ, ಇವತ್ತು ಹಿನಕಲ್‌ನಿಂದ ಬಂದ ಅಕ್ಕನ ಕೈ ನೋಡಿ ಗಾಬರಿಯಾಯಿತು. ಎಲ್ಲ ಉಗುರುಗಳ ಮೇಲೂ ಅಡ್ಡಡ್ಡ ಗೆರೆ, ಮುಟ್ಟಿದರೆ ತಗ್ಗು.

"ಕ್ಯಾಲ್ಸಿಯಂ ಕಮ್ಮಿ ಕಣೋ, ಬುಡು" ಎಂದಳು. ಬಿಡದೆ ಕುವೆಂಪುನಗರದ ಚರ್ಮದ ಡಾಕ್ಟರ ಬಳಿ ಕರೆದೊಯ್ದೆ.

"ಉದ್ದುದ್ದ ಗೆರೆ ವಯಸ್ಸಾಗ್ತಾ ಎಲ್ಲರಿಗೂ ಬರುತ್ತೆ. ಹೀಗೆ ಅಡ್ಡ ಬಂದ್ರೆ, ಯಾವುದೋ ಕಾಯಿಲೇಲಿ ಉಗುರು ಬೆಳೆಯೋದು ಸ್ವಲ್ಪ ದಿನ ನಿಂತಿರುತ್ತೆ. ಈಚೆಗೆ ಜೋರು ಜ್ವರ ಬಂದಿತ್ತಾಮ್ಮ?" ಎಂದರು ಡಾಕ್ಟರು.

ಅಕ್ಕ ತಲೆ ತಗ್ಗಿಸಿದಳು. "ಡೆಂಗಿ ಆಗಿತ್ತು ಸಾರ್."

"ಹಾಗಾದ್ರೆ ಭಯ ಬೇಡ, ಉಗುರು ಬೆಳೀತಾ ಗೆರೆ ಹೋಗುತ್ತೆ."

ಹೊರಗೆ ಬಂದು ರೇಗಿದೆ. "ನಮಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವೆಲ್ಲ ಬಂದ್ಬುಡ್ತಿದ್ರಿ. ಆ ಜ್ವರದಲ್ಲಿ ನಿಮಗೆಲ್ಲ ಅಡುಗೆ ಮಾಡೋರು ಯಾರು?"

ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ.