ಅಕ್ಕನ ಹೆಸರಿನ ಚೆಕ್ಕು

ಔಷಧಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ದೀಪದ ಪೆಟ್ಟಿಗೆಯೆದುರು ಕೂತು, ಸಾಲಾಗಿ ಬರುವ ಪುಟ್ಟ ಗಾಜಿನ ಬಾಟಲಿಗಳನ್ನು ಎತ್ತಿ ತಲೆಕೆಳಗು ಮಾಡಿ, ಒಳಗೆ ಕೂದಲೆಳೆಯಷ್ಟಾದರೂ ಕಸ ತೇಲುತ್ತಿದೆಯೇ ಎಂದು ನೋಡುವುದು. ಅವಳ ಕಣ್ಣು ತಪ್ಪಿಸಿ ಒಂದು ಬಾಟಲಿಯೂ ಆಚೆ ಹೋಗುವುದಿಲ್ಲ ಎಂದು ಸೂಪರ್‌ವೈಸರ್ ಹೊಸಬರ ಮುಂದೆ ಹೊಗಳುತ್ತಿದ್ದ. ಹೊಗಳುವಾಗ ಅವನ ಬಾಯಲ್ಲಿ ಬರುತ್ತಿದ್ದುದು ಮಾತ್ರ ಅವಳ ಅಕ್ಕನ ಹೆಸರು.

ಕೆಲಸದ ಆರ್ಡರು ಬಂದಿದ್ದೇ ಅಕ್ಕನಿಗೆ. ಅದೇ ತಿಂಗಳು ಅಕ್ಕನ ಮದುವೆಯಾಯಿತು. ಹೆಂಡತಿ ದುಡಿಯುವುದು ಬೇಡ ಎಂದರು ಭಾವ. ಕೈಗೆ ಬಂದ ಕೆಲಸ ಬಿಡಲು ಅಪ್ಪನಿಗೆ ಮನಸ್ಸಾಗಲಿಲ್ಲ. “ಇಬ್ಬರೂ ಒಂದೇ ಅಚ್ಚು, ಯಾರು ಕೂತು ನೋಡ್ತಾರೆ?” ಎಂದು ಅಕ್ಕನ ಸರ್ಟಿಫಿಕೇಟನ್ನು ಕಿರಿಯಳ ಕೈಗಿಟ್ಟು ಕಳಿಸಿಬಿಟ್ಟ. ನಿಜಕ್ಕೂ ಯಾರೂ ನೋಡಲಿಲ್ಲ. ಸಂಬಳ ಪ್ರತಿ ತಿಂಗಳೂ ಕವರಿನಲ್ಲಿ ಕೈಗೇ ಬರುತ್ತಿತ್ತು. ಮನೆಯಲ್ಲಿ ಎಲ್ಲರ ಬಾಯಲ್ಲೂ ಗುಬ್ಬಿಯಾಗಿದ್ದವಳು ಗೇಟು ದಾಟಿದರೆ ಅಕ್ಕನಾಗುತ್ತಿದ್ದಳು. ಅಪ್ಪನನ್ನು ಕೊನೆಯವರೆಗೆ ನೋಡಿಕೊಂಡಳು, ಮದುವೆಯ ಮಾತು ಹಾಗೇ ಹಿಂದೆ ಬಿತ್ತು.

ಕಾರ್ಖಾನೆ ಮುಚ್ಚಿತು. ಕೊನೆಯ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೊಂದು ಚೆಕ್ಕು ಕೊಟ್ಟರು. ಬೀದಿ ತಿರುವಿನಲ್ಲಿ ಒಂದು ಗೂಡಂಗಡಿ ಖಾಲಿ ಇತ್ತು. ನೂಲು, ಗುಂಡಿ, ಲೇಸು ಇಟ್ಟುಕೊಂಡು ಕೂರಬಹುದು ಎಂದು ಅವಳು ಆಗಲೇ ಮನಸ್ಸಿನಲ್ಲಿ ಕಪಾಟುಗಳನ್ನು ಜೋಡಿಸಿದ್ದಳು.

ಬ್ಯಾಂಕಿನ ಗುಮಾಸ್ತೆ ಚೆಕ್ಕನ್ನೂ ಪಾಸ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿದಳು.

“ಚೆಕ್ಕಲ್ಲಿರೋ ಹೆಸರು ಬೇರೆ, ನಿಮ್ಮ ಖಾತೆ ಹೆಸರು ಬೇರೆ.”

“ಎರಡೂ ನಾನೇ ಅಮ್ಮಾ.”

“ಎರಡೂ ನೀವು ಹೇಗಾಗ್ತೀರಾ?”

ಹಿಂದೆ ನಿಂತವರು ಕೆಮ್ಮಿದರು. ಗುಬ್ಬಿ ಚೆಕ್ಕನ್ನು ಮಡಿಸದೆ ಪಾಸ್‌ಬುಕ್ಕಿನೊಳಗಿಟ್ಟುಕೊಂಡು, ಮುಚ್ಚಿದ ಕಾರ್ಖಾನೆಯಲ್ಲಿ ಇನ್ನೂ ಲೆಕ್ಕ ಮುಗಿಸುತ್ತಿದ್ದ ಆಫೀಸಿಗೆ ಹೋದಳು. ಅಲ್ಲಿದ್ದ ಮುದಿ ಮ್ಯಾನೇಜರು ಎಲ್ಲವನ್ನೂ ಕೇಳಿ ಬಾಗಿಲು ಮುಂದೆ ಮಾಡಿದ.

“ನನ್ನ ಹತ್ರ ಹೇಳಿದ್ದು ಹೇಳಿದೆ, ಇನ್ಯಾರ ಹತ್ರಾನೂ ಬಾಯಿಬಿಡಬೇಡ ತಾಯಿ. ಬೇರೆಯವರ ಹೆಸರಲ್ಲಿ ಸೇರಿದ್ದೆ ಅಂತ ಕಾಗದದ ಮೇಲೆ ಬಂದ್ರೆ ಈ ಚೆಕ್ಕೂ ಹೋಗುತ್ತೆ. ಅಕ್ಕ ಇದ್ದಾಳಲ್ಲ? ಅವಳ ಖಾತೆಗೆ ಹಾಕು, ಆಮೇಲೆ ತೆಗೆಸ್ಕೋ.”

ಅಕ್ಕ ಒಂದೇ ಮಾತಿಗೆ ಒಪ್ಪಿದಳು. “ನಿನ್ನ ದುಡ್ಡು ಕಣೇ, ನನಗ್ಯಾಕೆ?” ಎನ್ನುತ್ತಾ ಚಪ್ಪಲಿ ಮೆಟ್ಟಿಯೇ ಬಿಟ್ಟಳು. ಬ್ಯಾಂಕಿನಲ್ಲಿ ಚೀಟಿ ತುಂಬಿದ್ದು ಗುಬ್ಬಿ. ಸಹಿ ಮಾಡಬೇಕಾದ ಕಡೆ ಕೈ ತಾನೇ ಓಡಿಬಿಟ್ಟಿತು. ಅಕ್ಕ ಬಗ್ಗಿ ನೋಡಿ, “ನನ್ನ ಹೆಸರನ್ನ ನನಗಿಂತ ಚೆನ್ನಾಗಿ ಬರೀತೀಯಲ್ಲೇ!” ಎಂದು ಕಿಸಕ್ಕನೆ ನಕ್ಕಳು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಚೀಟಿ ಹರಿದು ಇನ್ನೊಂದು ಬರೆದರು.

ನಾಲ್ಕು ದಿನಕ್ಕೆ ದುಡ್ಡು ಬಂತು. ಬಂದ ಸುದ್ದಿ ಹೋದದ್ದು ಭಾವನ ಫೋನಿಗೆ, ಖಾತೆಗೆ ಕೊಟ್ಟಿದ್ದ ನಂಬರು ಅವರದು.

ಭಾವ ಕೆಟ್ಟವರಲ್ಲ. ಅಪ್ಪನ ಕಾಯಿಲೆಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ರಾತ್ರಿ ಕಳೆದವರು. “ನಿನ್ನ ದುಡ್ಡು ಎಲ್ಲಿಗೆ ಹೋಗುತ್ತೆ ಗುಬ್ಬಿ? ಮುಂದಿನ ವಾರ ನೋಡೋಣ” ಎಂದರು. ಮುಂದಿನ ವಾರ ಬ್ಯಾಂಕಿಗೆ ರಜೆ, ಅದರ ಮುಂದಿನ ವಾರ ಅವರಿಗೆ ಸೊಂಟನೋವು. ಅಂಗಡಿ ಮಾಲೀಕ ಎರಡು ಸಲ ಹೇಳಿಕಳಿಸಿದ. ಮೂರನೆಯ ವಾರ ಹೋದಾಗ ಭಾವ ಕುರ್ಚಿ ಎಳೆದು ಕೂರಿಸಿದರು.

“ಐದು ವರ್ಷಕ್ಕೆ ಠೇವಣಿ ಇಟ್ಟಿದ್ದೀನಿ. ಅಂಗಡಿ ಗಿಂಗಡಿ ಅಂತ ಕಳ್ಕೋತೀಯಾ. ನಿನ್ನ ಒಳ್ಳೇದಕ್ಕೇ ಮಾಡಿದ್ದು.”

“ನನ್ನನ್ನ ಒಂದು ಮಾತು ಕೇಳಬಹುದಿತ್ತು ಭಾವ. ಅದು ನಾನು ದುಡಿದದ್ದು.”

“ಯಾರು ಇಲ್ಲ ಅಂದ್ರು? ಆದರೆ ಕೆಲಸ ಬಂದಿದ್ದು ಯಾರಿಗೆ? ಇಷ್ಟು ವರ್ಷ ಯಾರ ಹೆಸರಲ್ಲಿ ಉಂಡೆ?” ಏರಿದ ದನಿಯಲ್ಲ, ಲೆಕ್ಕ ಹೇಳಿಕೊಡುವ ಮೇಷ್ಟ್ರ ದನಿ.

ಗುಬ್ಬಿ ಕುರ್ಚಿಯಿಂದ ಎದ್ದಳು. ಯಾರ ಮುಂದೆ ಹೋಗಿ ಕೇಳುವುದು? ಏನೆಂದು ಕೇಳುವುದು? ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ಒದ್ದೆ ಕೈಯನ್ನು ಒರೆಸುತ್ತಲೇ ಇದ್ದಳು.

ಕಳಿಸಲು ಅಕ್ಕ ಬೀದಿಯ ತನಕ ಬಂದಳು. “ಏನು ಬರೆದಿದೆ ಅಂತ ನೋಡ್ಲಿಲ್ಲ ಕಣೇ. ಹಾಕು ಅಂದ ಕಡೆ ಸಹಿ ಹಾಕಿದೆ. ಯಾವಾಗಲೂ ಹಾಗೇ ಹಾಕ್ತೀನಲ್ಲ...” ಗುಬ್ಬಿಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಆ ಮುಖ ನೋಡಿದರೆ ಯಾರ ಮೇಲೆ ಕಾರುವುದೋ ತಿಳಿಯಲಿಲ್ಲ. “ಹೋಗಲಿ ಬಿಡಕ್ಕ, ಒಳಗೆ ಹೋಗು, ಕೂಗ್ತಿದ್ದಾರೆ” ಎಂದಳು.

ಗೂಡಂಗಡಿಗೆ ಬೀಗದ ಕೈ ಮಾಡುವವನೊಬ್ಬ ಬಾಡಿಗೆಗೆ ಬಂದ. ಗುಬ್ಬಿ ಈಗ ಬಟ್ಟೆ ಒಗೆಯುವ ಅಂಗಡಿಯೊಂದರ ಹಿಂಕೋಣೆಯಲ್ಲಿ ನಿಂತೇ ಹಾಸಿಗೆ ಬಟ್ಟೆ ಮಡಿಸುತ್ತಾಳೆ. ಮೊನ್ನೆ ಬಾಟಲಿ ಸಾಲಿನಲ್ಲಿ ಪಕ್ಕದ ದೀಪದ ಪೆಟ್ಟಿಗೆಯೆದುರು ಕೂರುತ್ತಿದ್ದ ಗೆಳತಿ ಬಸ್ಸಿನಲ್ಲಿ ಸಿಕ್ಕಳು. ತನ್ನ ಚೆಕ್ಕಿನಿಂದ ಮನೆಗೆ ತಾರಸಿ ಹಾಕಿಸಿದ್ದನ್ನು ಬಾಯ್ತುಂಬ ಹೇಳಿ, “ನಿನ್ನ ಚೆಕ್ಕು ಹಾಕಿದ್ಯಾ?” ಎಂದು ಕೇಳಿದಳು.

“ಹಾಕಿದೆ” ಎಂದಳು ಗುಬ್ಬಿ, ಕಿಟಕಿಯ ಆಚೆ ನೋಡುತ್ತ.