ನಲ್ಲಪ್ಪನವರ ಅಂದಾಜು
ಚಿಂತಾಮಣಿಯ ಸುತ್ತಮುತ್ತಲಿನವರು ಪುರೋಹಿತರಿಲ್ಲದೆ ತಾಳಿ ಕಟ್ಟಿಸಿಯಾರು, ಆದರೆ ನಲ್ಲಪ್ಪನವರ ಅಂದಾಜಿಲ್ಲದೆ ರಿಸೆಪ್ಷನ್ನಿನ ಒಲೆ ಹಚ್ಚಿಸಲಾರರು. ಅವರ ಲೆಕ್ಕದಲ್ಲಿ ಒಂದು ಲಗ್ನಪತ್ರಿಕೆ ಕೊಟ್ಟರೆ ಇಡೀ ಬೀದಿಯೇ ಬಂದ ಹಾಗೆ. ತೊಂಡೇಬಾವಿಯ ನೆಂಟರೆಂದರೆ ರೈಲಿಗೆ ರೈಲೇ ಬಂದಿಳಿದ ಹಾಗೆ. "ನಾನೂರು ಜನಕ್ಕೆ ಮಾಡಿಸಿದ್ರೆ ಸಾಲ್ದಾ ಮಾವ?" ಎಂದು ಹೆಣ್ಣಿನ ಅಣ್ಣ ಕೇಳಿದರೆ, "ಹೋಳಿಗೆ ವಾಸನೆಗೆ ಎದ್ದು ಬರೋರ್ನ ಯಾರಪ್ಪ ಎಣಿಸ್ತಾರೆ?" ಎಂದು ಬೇಳೆಗೆ ಇನ್ನೊಂದು ಮೂಟೆ ಸೇರಿಸುತ್ತಾರೆ. ಅವರು ಹೇಳಿದಷ್ಟು ಸಾರು ಮಾಡಿದರೆ ಊರ ಕೆರೆ ಕೋಡಿ ಹರಿಯುತ್ತದೆಂದು ಅಡುಗೆ ಭಟ್ಟರು ಆಣೆ ಇಟ್ಟು ಹೇಳುತ್ತಾರೆ. ಇಷ್ಟಾದರೂ ಊಟ ಸಾಲುತ್ತದೆಂಬ ನಂಬಿಕೆ ನಲ್ಲಪ್ಪನವರಿಗಿಲ್ಲ. ಮೊದಲ ಪಂಕ್ತಿ ಕೂರುವ ಮುನ್ನವೇ ಮೂವರ ಊಟ ತೆಗೆದಿರಿಸಿ, ಬಾಳೆಲೆ ಮುಚ್ಚಿ, ಎದುರಿಗೆ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾರೆ; ಬೀಗರೇ ಬಂದು ಕೇಳಿದರೂ ಏಳುವುದಿಲ್ಲ. ಎರಡು ಊಟ, ಫೋಟೋಗೆ ನಿಂತೂ ನಿಂತೂ ಎಲ್ಲರಿಗಿಂತ ಕೊನೆಗೆ ವೇದಿಕೆ ಇಳಿಯುವ ಮದುಮಕ್ಕಳಿಗೆ. ಮೂರನೆಯದು ಮನೆಯಲ್ಲಿರುವ ಹೆಂಡತಿ ಗಂಗುಲಮ್ಮನಿಗೆ. ತಮ್ಮ ರಿಸೆಪ್ಷನ್ನಿನ ದಿನ ಆಕೆ ಹಸಿದ ಹೊಟ್ಟೆಯಲ್ಲೇ ಎಲ್ಲರಿಗೂ ನಗುತ್ತ ನಿಂತು, ಕೆಳಗಿಳಿದು ಬರುವಷ್ಟರಲ್ಲಿ ಹೋಳಿಗೆ ಮುಗಿದೇ ಹೋಗಿತ್ತು. ಇವತ್ತಿಗೂ ಆಕೆ ಪೊಟ್ಟಣ ಬಿಚ್ಚಿ, ಒಂದು ಚೂರೂ ಬಿಡದೆ ತಿಂದು, ಬೆರಳು ನೆಕ್ಕಿಕೊಂಡು, "ಆರೋಗಿದೆ ಕಣ್ರೀ, ಮುಂದಿನ ಮದುವೇಲಿ ಬಿಸೀದು ತನ್ನಿ" ಎನ್ನುತ್ತಾಳೆ.