ಬಲಗಡೆಯ ಎತ್ತು

ರಾಯಚೂರಿನಲ್ಲಿ ನಿವೃತ್ತ ಸೈನಿಕರಿಗೆಂದು ವಾರಕ್ಕೊಮ್ಮೆ ಮಣ್ಣಿನ ಕೆಲಸ ಕಲಿಸುತ್ತಾರೆ, ಹೋಗಿ, ಮನಸ್ಸು ಹಗುರಾಗುತ್ತದೆ ಎಂದು ಡಾಕ್ಟರು ಹೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಬಂದೂಕು ಹಿಡಿದ ಕೈಗೆ ಮಣ್ಣಾಟ ಆಡಿಸುತ್ತಾರಂತೆ! ಆದರೂ ಹೋದೆ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಭಾನುವಾರ ಕಳೆಯುವುದು ಅದಕ್ಕಿಂತ ಕಷ್ಟವಾಗಿತ್ತು.

ಕಲಿಸುವ ಮೇಡಂ ಮೈಸೂರು ಕಡೆಯವರು. ಮನಸ್ಸಿಗೆ ಬಂದದ್ದನ್ನು ಮಾಡಿ ಎಂದು ಎಲ್ಲರ ಮುಂದೆ ಒಂದೊಂದು ಮುದ್ದೆ ಕರಿಮಣ್ಣು ಇಟ್ಟರು. ನಾವಿದ್ದದ್ದು ಐದು ಜನ. ಐವರೂ ಎತ್ತನ್ನೇ ಮಾಡಿದೆವು. ಒಬ್ಬರದನ್ನೊಬ್ಬರು ಕದ್ದು ನೋಡಿದಿರಾ ಎಂದು ಅವರು ನಕ್ಕರು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಪೂಜೆಗಿಟ್ಟು ಬೆಳೆದ ಕೈಗಳಿಗೆ ಕರಿಮಣ್ಣು ಸಿಕ್ಕರೆ ಬೇರೇನು ಹೊಳೆಯುತ್ತದೆ? ಉಳಿದವರೆಲ್ಲ ಪದ್ಧತಿಯಂತೆ ಜೋಡೆತ್ತು ಮಾಡಿದ್ದರು. ನನ್ನ ಮುಂದೆ ಒಂದೇ ಇತ್ತು.

"ಇದರ ಜೋಡಿ ಎಲ್ಲಿ?" ಎಂದು ಮೇಡಂ ಕೇಳಿದರು.

ಮುಂದಿನ ವಾರ ಮಾಡುತ್ತೇನೆ ಎಂದೆ. ಮೂರು ವಾರವಾದರೂ ಆಗಲಿಲ್ಲ. ಮಣ್ಣು ಕೈಯಲ್ಲೇ ಒಣಗುತ್ತಿತ್ತು, ನಾನು ಸುಮ್ಮನೆ ಕೂತಿರುತ್ತಿದ್ದೆ.

ನಾನು ದೇವದುರ್ಗದವನು. ಪಲ್ಟನ್ನಿನಲ್ಲಿ ನನ್ನ ಜೊತೆಗಾರ ಮಾನ್ವಿಯವನು. ಗಡಿಯ ಚೌಕಿಗೆ ಕರಿಮಣ್ಣು ಎಲ್ಲಿಂದ ಬರಬೇಕು? ಆ ಅಮಾವಾಸ್ಯೆ ಬಂದರೆ ಅಡುಗೆಯವನನ್ನು ಕಾಡಿ ಬೇಡಿ ಚಪಾತಿ ಹಿಟ್ಟು ತರುತ್ತಿದ್ದೆವು. ಎಡಗಡೆಯ ಎತ್ತು ನನ್ನದು, ಬಲಗಡೆಯದು ಅವನದು. ಅವನ ಎತ್ತಿಗೆ ಒಂದು ಕೋಡು ಯಾವಾಗಲೂ ಮೋಟು. ಒಂದು ಮುಂಜಾನೆ ನನಗೆ ಜ್ವರವೆಂದು ನನ್ನ ಪಾಳಿಗೆ ಅವನು ಹೋದ. ನನಗೆ ಬರಬೇಕಿದ್ದ ಗುಂಡು ಅವನ ಜೀವ ತೆಗೆಯಿತು. ಇದನ್ನು ಅವನ ಅಕ್ಕನಿಗೆ ಹೇಳಬೇಕಿತ್ತು. ಹೆದರಿಕೆಯಿಂದ ಎಂಟು ವರ್ಷ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ನಾಲ್ಕನೆಯ ವಾರ ನನ್ನ ಎತ್ತನ್ನು ಟವೆಲಿನಲ್ಲಿ ಸುತ್ತಿಕೊಂಡು, ಒಂದಿಷ್ಟು ಹಸಿಮಣ್ಣು ಕಟ್ಟಿಕೊಂಡು, ಮಾನ್ವಿ ಬಸ್ಸು ಹತ್ತಿದೆ. ಅಕ್ಕ ಕುಡಿಯಲು ನೀರು ಕೊಟ್ಟರು. ಟವೆಲು ಬಿಚ್ಚಿ ನನ್ನ ಎತ್ತನ್ನು ನೆಲದ ಮೇಲೆ ನಿಲ್ಲಿಸಿ, ಅಮಾವಾಸ್ಯೆಗೆ ಚೌಕಿಯಲ್ಲಿ ನಾವಿಬ್ಬರೂ ಮಾಡುತ್ತಿದ್ದುದನ್ನು ಹೇಳಿದೆ. ಅವರು ಹಸಿಮಣ್ಣು ಎಳೆದುಕೊಂಡು ಇನ್ನೊಂದು ಎತ್ತು ಮಾಡಿ ಬಲಗಡೆ ನಿಲ್ಲಿಸಿದರು. ಒಂದು ಕೋಡು ಮೋಟು. ಚಿಕ್ಕಂದಿನಲ್ಲೂ ಅವನು ಹಾಗೇ ಮಾಡುತ್ತಿದ್ದನಂತೆ.

"ಅವತ್ತಿನ ಡ್ಯೂಟಿ ನಂದಿತ್ತು, ಯಕ್ಕಾ," ಎಂದೆ.

ಅವರು ಕೈಗೆ ಹತ್ತಿದ ಮಣ್ಣು ಉಜ್ಜಿಕೊಂಡರು.

"ಇಷ್ಟು ಹೇಳಾಕ ಎಂಟು ವರ್ಷ ಬೇಕಾತೇನು, ತಮ್ಮಾ?"

ಬಲಗಡೆಯದನ್ನು ಅವರು ತಮ್ಮನ ಫೋಟೊ ಮುಂದಿಟ್ಟರು. ನನ್ನದನ್ನು ಅದೇ ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಉಂಡು ಹೋಗು ಎನ್ನಲಿಲ್ಲ. ಹೇಳಿದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ. ತಿರುಗಿ ಬರುವಾಗ ಬಸ್ಸು ತುಂಬ ಜನರಿದ್ದರೂ ಅಷ್ಟು ಒಂಟಿತನ ನನಗೆ ಎಂದೂ ಅನಿಸಿರಲಿಲ್ಲ.

ಮುಂದಿನ ಭಾನುವಾರ ಒಂದೇ ಎತ್ತು ಕಂಡು ಮೇಡಂ ಮತ್ತೆ ಜೋಡಿ ಎಲ್ಲಿ ಎಂದರು.

"ಮಾನ್ವ್ಯಾಗ ಅದರೀ," ಎಂದೆ.